ನೀರಿನ ಮೇಲಿಟ್ಟ ಗೆಜ್ಜೆ

"ಎಲ್ಲಿಡಲಿ ಇದನ್ನ, ನೀನೇ ಹೇಳು," ಎಂದು ಲಕ್ಷ್ಮೀನರಸಿಂಹ ಪುಟಾಣಿ ಹಿತ್ತಾಳೆ ಗೆಜ್ಜೆಯೊಂದನ್ನು ಹೆಂಡತಿಯ ಕಣ್ಣೆದುರು ಹಿಡಿದು ಕೇಳಿದ. ದಿಂಬುಗಳಿಗೆ ಒರಗಿಸಿ ಕೂರಿಸಿದ್ದ ಅಂಬುಜಮ್ಮ ಗೆಜ್ಜೆಯನ್ನು ನೋಡಿದಳು, ಅವನ ತೊಡೆಯ ಮೇಲೆ ಹರಡಿದ್ದ ಕಸೂತಿ ಬಟ್ಟೆಯನ್ನು ನೋಡಿದಳು, ಆಮೇಲೆ ಬಾಯಿಯ ಎಡ ಮೂಲೆಯಿಂದ, ಬಹಳ ಪ್ರಯಾಸಪಟ್ಟು, "ಇಡಿ," ಎಂದಳು. ಅಷ್ಟು ಸಾಕಾಯಿತು ಅವನಿಗೆ. ಬಟ್ಟೆಯ ನಡುಮಧ್ಯದಲ್ಲಿ, ನೀಲಿ ಉಲ್ಲನ್ನಿನ ನೀರಿನ ಮೇಲೆ ಗೆಜ್ಜೆಯನ್ನಿಟ್ಟು, "ಇಲ್ಲಿಡ್ಲಾ?" ಎಂದ. "ಇಡಿ," ಎಂದಳು. ಇನ್ನೊಂದಿಷ್ಟು ಮೇಲಕ್ಕೆ ಸರಿಸಿ, "ಇಲ್ಲಿ?" ಎಂದ. ಮತ್ತೆ "ಇಡಿ." ಸರಿ ಮತ್ತೆ, ಮನೆಯ ಯಜಮಾನತಿಯೇ ಅಪ್ಪಣೆ ಕೊಟ್ಟ ಮೇಲೆ ಇನ್ನೇನು ಅಂದುಕೊಂಡು, ಕನ್ನಡಕವನ್ನು ಹಣೆಗೇರಿಸಿ, ಸೂಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ದಾರ ಪೋಣಿಸತೊಡಗಿದ. ಬೆರಳಿನ ತುದಿಯೆಲ್ಲ ಚುಚ್ಚಿಸಿಕೊಂಡು ಒರಟಾಗಿತ್ತು. ಈ ವಯಸ್ಸಿನಲ್ಲಿ ಗಂಡಸೊಬ್ಬ ಹೀಗೆ ಕಸೂತಿ ಹಿಡಿದು ಕೂತಿರುವುದನ್ನು ನೋಡಿದರೆ ಹಳೆಯ ಆಫೀಸಿನವರು ಏನಂದಾರು ಎಂಬ ಯೋಚನೆ ಬಂದು ಹೋಯಿತು. ಅಂದುಕೊಳ್ಳಲಿ. ಅವಳಿಗೆ ಬೇಕು, ಅವಳೇ ಕೇಳುತ್ತಿದ್ದಾಳೆ.

ಯುಗಾದಿಗೆ ಮುಂಚೆ ಅಡುಗೆಮನೆಯಲ್ಲಿ ಕುಸಿದು ಬಿದ್ದವಳಿಗೆ ಬಲಗೈ, ಬಲಗಾಲು ಹೋದದ್ದರ ಜೊತೆಗೆ ಮಾತೂ ಹೋಗಿತ್ತು. ಹಾಸನದ ಆಸ್ಪತ್ರೆಯಿಂದ ಮನೆಗೆ ಬಂದು ಎಷ್ಟೋ ವಾರಗಳಾದ ಮೇಲೆ ವಾಪಸು ಬಂದ ಮಾತುಗಳು ಮೂರೇ: ಅಯ್ಯೋ, ಇಂದು, ಇಡಿ. ತಲೆಯಾಡಿಸುತ್ತಿದ್ದಳು ನಿಜ, ಆದರೆ ಅದನ್ನು ನಂಬುವ ಹಾಗಿರಲಿಲ್ಲ. ಹಾಲು ಬೇಕಾ ಅಂದರೂ ಹೌದೆಂದು ಆಡಿಸುವಳು, ಬೇಡವಾ ಅಂದರೂ ಹೌದೆಂದೇ. ಮೆದುಳಿಗೆ ಏಟು ಬಿದ್ದವರಲ್ಲಿ ಹಾಗಾಗುತ್ತದೆ ಎಂದು ಡಾಕ್ಟರೇ ಹೇಳಿದ್ದರು. ಹಾಗಾಗಿ ಈ ಮೂರು ಮಾತುಗಳನ್ನು ಲಕ್ಷ್ಮೀನರಸಿಂಹ ಗಂಟು ಕಟ್ಟಿ ಇಟ್ಟುಕೊಂಡಿದ್ದ. "ಇಂದು" ಅಂದರೆ ಇವತ್ತು ಏನು ಎಂದು ಕೇಳುತ್ತಿದ್ದಾಳೆ ಎಂದರ್ಥ. ಮದುವೆಯಾದಾಗಿನಿಂದ ಬೆಳಗಿನ ಕಾಫಿಯ ಹೊತ್ತಿಗೆ ಅವನು ಪಂಚಾಂಗ ಓದುವುದು, ಅವಳು ಒಲೆಯ ಮುಂದಿನಿಂದಲೇ "ಇವತ್ತೇನೂಂದ್ರೆ?" ಎಂದು ಕೂಗಿ ಕೇಳುವುದು ನಡೆದುಬಂದಿತ್ತು. ಆ ಅಭ್ಯಾಸ ಎಲ್ಲಿ ಹೋಗಬೇಕು! ಇವತ್ತು ಹೋಗಿ ಇಂದು ಆಗಿದೆ, ಪುಸ್ತಕದ ಮಾತು ಬಾಯಿಗೆ ಬಂದಿದೆ, ಅಷ್ಟೇ. ಅವಳು ಇಂದು ಅಂದಾಗಲೆಲ್ಲ ಅವನು ಗಟ್ಟಿಯಾಗಿ, ಮಗುವಿಗೆ ಪಾಠ ಹೇಳುವವನಂತೆ, "ಇಂದು ಶುಕ್ರವಾರ ಕಣೇ, ಷಷ್ಠಿ," ಎನ್ನುತ್ತಿದ್ದ. ಅವಳು ಮತ್ತೆ ಇಂದು ಎನ್ನುವಳು. ಇವನು ನಕ್ಷತ್ರವನ್ನೂ ಹೇಳುವನು. ಒಮ್ಮೊಮ್ಮೆ ಅವಳ ಕಣ್ಣಲ್ಲಿ ನೀರು ತುಂಬುತ್ತಿತ್ತು. ದಿನ ಹೀಗೆ ಹಾಸಿಗೆಯಲ್ಲೇ ಕಳೆದುಹೋಗುತ್ತಿದೆಯಲ್ಲ ಎಂದು ಸಂಕಟಪಡುತ್ತಾಳೆ ಪಾಪ, ಅಂದುಕೊಳ್ಳುತ್ತಿದ್ದ.

ಗೆಜ್ಜೆ ಕೂರಿಸಿ ಗಂಟು ಹಾಕಿದ. ಬಟ್ಟೆಯನ್ನು ಎತ್ತಿ ಹಿಡಿದರೆ ಇದುವರೆಗೆ ಇಟ್ಟ ಗೆಜ್ಜೆಗಳೆಲ್ಲ ಗಿಲಿಗಿಲಿ ಎಂದವು. ಅವಳು ಬೀಳುವ ಮುಂಚೆ ಮುಗಿಸಿದ್ದ ಕೊನೆಯ ಕಸೂತಿ ಅದು. ಚೌಕುಳಿ ನೇಯ್ಗೆಯ ದಪ್ಪ ಮ್ಯಾಟಿ ಬಟ್ಟೆಯ ಮೇಲೆ ಎಳೆ ಎಣಿಸಿ ಎಣಿಸಿ ಹಾಕಿದ ಹೊಲಿಗೆ. ಪುಸ್ತಕದ ನಮೂನೆ ನೋಡಿ ಹಾಕಿದ್ದಲ್ಲ, ಅವಳೇ ಮನಸ್ಸಿನಿಂದ ತೆಗೆದದ್ದು: ಒಂದು ಮೂಲೆಯಲ್ಲಿ ಹೊಳೆಯ ಮೆಟ್ಟಿಲು, ಮೆಟ್ಟಿಲ ಮೇಲೆ ಯಾರೋ ಬಿಟ್ಟುಹೋದ ಒಂದು ಚೊಂಬು, ಮಿಕ್ಕಿದ್ದೆಲ್ಲ ನೀರು. ಬರೀ ನೀರು. ಮೂರು ಬಗೆಯ ನೀಲಿಯಲ್ಲಿ ಇಷ್ಟಗಲ ನೀರು, ಅದರಲ್ಲಿ ಒಂದು ಮೀನಿಲ್ಲ, ದೋಣಿಯಿಲ್ಲ, ಬಾತುಕೋಳಿಯಿಲ್ಲ. ಅದನ್ನು ಮೊದಲ ಸಲ ನೋಡಿದಾಗ ಅವನ ಎದೆಗೆ ಏನೋ ತಾಗಿದಂತಾಗಿತ್ತು. ಮೊದಲೆಲ್ಲ ಅವಳು ಹೀಗೆ ಖಾಲಿ ಬಿಡುವವಳೇ ಅಲ್ಲ. ಹಂಸಕ್ಕೆ ಮಣಿಯ ಕಣ್ಣು, ಬಳ್ಳಿಗೆ ಕನ್ನಡಿ ಬಿಲ್ಲೆ, ಹಸುವಿನ ಕೊರಳಿಗೆ ನಿಜವಾದ ಗೆಜ್ಜೆ, ಬಾಗಿಲ ಮೆಟ್ಟಿಲಿಗೆ ಕವಡೆ. ಮುರಿದ ಗಡಿಯಾರದ ಮುಳ್ಳನ್ನೂ ಬಿಡದೆ ಎಲ್ಲಾದರೂ ಹೊಲಿದುಬಿಡುತ್ತಿದ್ದಳು. ಅರಕಲಗೂಡಿನ ಕಾಲೇಜಿನಲ್ಲಿ ಗುಮಾಸ್ತನಾಗಿದ್ದಾಗ ಪ್ರಿನ್ಸಿಪಾಲರ ಗೃಹಪ್ರವೇಶಕ್ಕೆಂದು ಅವಳು ಹೊಲಿದಿಟ್ಟಿದ್ದ ಪಟವನ್ನು ಜೊತೆಯ ಗುಮಾಸ್ತ ಈಶ್ವರಯ್ಯನಿಗೆ ತೋರಿಸಿ, "ನೋಡಯ್ಯಾ, ನಮ್ಮ ಮನೆಯಾಕೆ ಗುಜರಿ ಅಂಗಡಿ ಇಟ್ಟಿದಾಳೆ," ಎಂದು ನಕ್ಕಿದ್ದ. ಈಶ್ವರಯ್ಯನೂ ನಕ್ಕ. ಕಾಫಿ ಲೋಟ ಹಿಡಿದು ನಿಂತಿದ್ದ ಅವಳೂ ನಕ್ಕಳು. ದೊಡ್ಡವರ ಮನೆಗೆ ಕೊಡೋದು, ಇದನ್ನೆಲ್ಲ ಕಿತ್ತು ನೀಟಾಗಿ ಮಾಡು ಎಂದ ಲಕ್ಷ್ಮೀನರಸಿಂಹ. "ಹೋಗ್ಲಿ ಬಿಡಿ, ನಿಮಗೆ ಚೆನ್ನಾಗಿ ಕಾಣಲ್ಲ ಅಂದ್ರೆ ಯಾಕೆ," ಎಂದು ಅವಳು ಅಲ್ಲೇ ಕೂತು ಬ್ಲೇಡಿನಿಂದ ಒಂದೊಂದನ್ನೇ ಬಿಡಿಸಿದಳು. ಆಮೇಲೆ ಯಾವ ಕಸೂತಿಗೂ ಏನನ್ನೂ ಇಡಲಿಲ್ಲ. ಅಲಂಕಾರದ ಸಾಮಾನೆಲ್ಲ ಒಂದು ಗಾಜಿನ ಬಾಟಲಿಗೆ ಬಿದ್ದು, ಮನೆ ಬದಲಾಯಿಸಿದಾಗಲೆಲ್ಲ ಇವರ ಜೊತೆ ಊರೂರು ಸುತ್ತಿ, ಈಗ ಹೊಳೆನರಸೀಪುರದ ಬಸ್ ಸ್ಟ್ಯಾಂಡ್ ಹಿಂದಿನ ಈ ಬಾಡಿಗೆ ಮನೆಗೆ ಬಂದು ಕೂತಿತ್ತು. ಮಂಚದ ಪಕ್ಕ ಕೂತು ಹೊತ್ತು ಹೋಗದೆ ಅವನು ಆ ಬಾಟಲಿಯನ್ನು ಹುಡುಕಿ ತೆಗೆದು, ಒಂದು ಕವಡೆಯನ್ನು ಅವಳ ನೀರಿನ ಮೇಲೆ ಇಟ್ಟು ತೋರಿಸಿದ ದಿನವೇ ಅವಳ ಬಾಯಿಂದ "ಇಡಿ" ಎಂಬ ಮಾತು ಹೊರಟದ್ದು. ಅವತ್ತು ಅವನು ಹಿತ್ತಲಿಗೆ ಹೋಗಿ ಅತ್ತಿದ್ದ. ಇಷ್ಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳಲ್ಲ ಇವಳು, ಈಗಲಾದರೂ ನನ್ನ ಕೈಯಿಂದಲೇ ಇಡಿಸಿಕೊಳ್ಳುತ್ತಿದ್ದಾಳಲ್ಲ ಎಂದು.

ಬಾಗಿಲಲ್ಲಿ ಹಾಲಿನ ಕ್ಯಾನಿನ ಸದ್ದಾಯಿತು. ದುದ್ದದ ಕಡೆಯ ಶಾಂತರಾಜು, ಕೆಳಗಿನ ಮನೆಯವನು, ಎರಡು ಹಸು ಕಟ್ಟಿಕೊಂಡು ವರ್ತನೆಗೆ ಹಾಲು ಹಾಕುತ್ತಾನೆ. "ಅಮ್ಮೋರು ಎಂಗವ್ರೆ ಸಾ?" ಎಂದ. "ಹೆಂಗವ್ರೆ ಅನ್ನಯ್ಯಾ. ಹ ಎಲ್ಲಿ ನುಂಗಿಬಿಟ್ಟೆ?" ಎಂದು ಲಕ್ಷ್ಮೀನರಸಿಂಹ ಪಾತ್ರೆ ಒಡ್ಡಿದ. ಅವರಿಬ್ಬರ ನಡುವೆ ಇದು ದಿನಾ ನಡೆಯುವ ತಮಾಷೆ. "ನಮ್ ನಾಲ್ಗೆಗೆ ಅದು ಬರಾಕಿಲ್ಲ ಸಾ. ಅರ್ತ ಆಯ್ತದಲ್ಲ, ಬುಡಿ," ಎಂದು ಶಾಂತರಾಜು ಇನ್ನೊಂದು ಚೂರು ಹಾಲು ಸುರಿದು ಹೋದ. ರುದ್ರಪಟ್ಟಣದಲ್ಲಿ ಹುಟ್ಟಿದವನು ಲಕ್ಷ್ಮೀನರಸಿಂಹ. ಮನೆತನದಲ್ಲೆಲ್ಲ ಹಾಡುವವರು, ಇವನೊಬ್ಬನಿಗೆ ಗಂಟಲು ಇರಲಿಲ್ಲ. ಆದರೆ ಕಿವಿ ಇದೆ ಎಂದು ಸೋದರಮಾವ ಒಮ್ಮೆ ಹೇಳಿದ್ದೇ ಹೇಳಿದ್ದು, ಆ ಒಂದು ಮಾತಿನ ಮೇಲೆ ಇವನು ಜೀವಮಾನವೆಲ್ಲ ಬದುಕಿದ್ದ. ಯಾರದೇ ಶ್ರುತಿ ಕೂದಲೆಳೆಯಷ್ಟು ಜಾರಿದರೂ ಮುಖ ಹಿಂಡುವನು. ಯಾರಾದರೂ ಸ ಶ ಬೆರೆಸಿದರೆ ಅಲ್ಲೇ ತಡೆದು ತಿದ್ದುವನು. ಮಗಳ ಹೆಸರು ಬಿಂದುಶ್ರೀಯನ್ನು ಬಿಂದುಸ್ರಿ ಎಂದು ಕೂಗಿದ ಮೇಷ್ಟರ ಮೇಲೆ ಶಾಲೆಗೇ ಹೋಗಿ ಜಗಳಾಡಿದ್ದ.

ಆ ಬಿಂದು ಇವತ್ತು ಮನೆಯಲ್ಲಿದ್ದಳು. ಹಾಸನದ ಸಹಕಾರ ಸಂಘವೊಂದರಲ್ಲಿ ಕೆಲಸ. ಬೆಳಗಾಗುತ್ತಲೇ ಬಸ್ಸು ಹಿಡಿದರೆ ಮನೆ ಸೇರುವ ಹೊತ್ತಿಗೆ ಅಮ್ಮ ಮಾತ್ರೆಯ ಮಂಪರಿನಲ್ಲಿರುತ್ತಾಳೆ. ಭಾನುವಾರವೊಂದೇ ಅವಳಿಗೆ ಅಮ್ಮ ಸಿಗುವುದು. ಗಂಡನ ಸಹವಾಸ ಸಾಕೆಂದು ಎರಡೇ ವರ್ಷಕ್ಕೆ ಚನ್ನರಾಯಪಟ್ಟಣದಿಂದ ವಾಪಸು ಬಂದವಳಿಗೆ ಒಂದು ಪ್ರಶ್ನೆಯನ್ನೂ ಕೇಳದೆ ಮಂಚ ಹಾಕಿಕೊಟ್ಟವಳು ಅಮ್ಮ. ಹೊರಗೆ ಬಟ್ಟೆ ಒಗೆದು ಹಾಕಿ ಒಳಗೆ ಬಂದವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಅಪ್ಪ, ಡಾಕ್ಟ್ರಿಗೆ ಇವತ್ತು ಹೇಳಬೇಕು. ಏನಂತ ಹೇಳಲಿ?" ಎಂದಳು. ಅವನು ಗಂಜಿಯ ಬಟ್ಟಲಲ್ಲಿ ಚಮಚ ತಿರುವುತ್ತ ಕೂತ. ತಿನ್ನಿಸಿದ್ದು ಹೊಟ್ಟೆಗೆ ಹೋಗದೆ ಎದೆಗೆ ಹೋಗುತ್ತಿದೆ, ಎರಡು ಸಲ ಕಫ ಕಟ್ಟಿ ಜ್ವರ ಬಂದಿತ್ತು. ಇನ್ನು ಬಾಯಿಗೆ ಕೊಡಬೇಡಿ, ಹೊಟ್ಟೆಗೆ ನೇರ ಒಂದು ಟ್ಯೂಬ್ ಇಟ್ಟುಬಿಡೋಣ, ಇಟ್ಟರೆ ವರ್ಷಗಟ್ಟಲೆ ಇರುತ್ತಾರೆ. ಬೇಡವೆಂದರೆ ಅದೂ ತಪ್ಪಲ್ಲ, ಎಷ್ಟು ದಿನವೋ ಅಷ್ಟು, ನೋವಿಲ್ಲದ ಹಾಗೆ ನೋಡಿಕೊಳ್ಳೋಣ. ಮನೆಯವರು ಕೂತು ಯೋಚಿಸಿ, ಸಾಧ್ಯವಾದರೆ ಅವರನ್ನೇ ಕೇಳಿ, ಎಂದಿದ್ದರು ಡಾಕ್ಟರು. ಅವರನ್ನೇ ಕೇಳಿ! ಹೇಳಿಬಿಟ್ಟರು ಸುಲಭವಾಗಿ.

ಗಂಜಿಯ ಮೊದಲ ಚಮಚ ಬಾಯಿಗಿಟ್ಟ. ಬಾಯಿಯ ಬಲಭಾಗ ಜೋತುಬಿದ್ದು, ಎಷ್ಟು ಒತ್ತಿದರೂ ಕೂಡದ ತುಟಿಗಳ ಸಂದಿಯಿಂದ ಅರ್ಧ ಹೊರಗೆ ಹರಿಯಿತು. ಒರೆಸಿದ. ಇನ್ನೊಂದು ಚಮಚ. "ಇಡಿ," ಎಂದಳು. "ನೋಡು, ಹಸಿವು ಇವಳಿಗೆ. ಕೇಳಿ ಕೇಳಿ ಹಾಕಿಸಿಕೊಳ್ತಾಳೆ," ಎಂದು ಮಗಳಿಗೆ ಹೇಳಿ ಇನ್ನೊಂದು ಚಮಚ ಇಟ್ಟ. "ಇಡಿ." ಇನ್ನೊಂದು. ಕೆಮ್ಮು ಬಂತು. ಮುಖ ಕೆಂಪೇರಿ, ಕಣ್ಣು ಮೇಲಕ್ಕೆ ಹೋಗಿ, ಎದೆಯಿಂದ ಗೊರಗೊರ ಸದ್ದು ಬಂತು. ಅವನು ಬೆನ್ನು ತಟ್ಟಿದ, ಬಿಂದು ಓಡಿ ಬಂದು ಬಗ್ಗಿಸಿ ಹಿಡಿದಳು. ಉಸಿರು ತಹಬಂದಿಗೆ ಬಂದ ಮೇಲೆ ಅಂಬುಜಮ್ಮ ಕಣ್ಣು ತೆರೆದು ಎದುರಿಗೆ ನೋಡುತ್ತ, "ಇಂದು," ಎಂದಳು. "ಇಂದು ಭಾನುವಾರ ಕಣೇ, ದಶಮಿ," ಎಂದ ಇವನು, ಏದುಸಿರಿನಲ್ಲೇ. ಅದೇ ಕ್ಷಣಕ್ಕೆ ಬಿಂದು, "ಏನಮ್ಮಾ? ಇಲ್ಲೇ ಇದೀನಲ್ಲ," ಎಂದು ಅಮ್ಮನ ಕೆನ್ನೆಗೆ ಕೆನ್ನೆ ತಾಗಿಸಿದಳು. ಆಮೇಲೆ ಅಪ್ಪನ ಕಡೆ ತಿರುಗಿ ಸುಸ್ತಾಗಿ ನಕ್ಕು, "ಏನಪ್ಪ ನೀನು, ವಾರ ತಿಥಿ ಎಲ್ಲ ಹೇಳ್ತೀಯ. ನನ್ನ ಕರೀತಿದಾಳೆ ಅವಳು," ಎಂದಳು. ಅಮ್ಮ ಕರೆದದ್ದು ಮಗಳಿಗೆ ಕೇಳಿಸಿತು, ಅಷ್ಟೇ. ಅದರಾಚೆಗೆ ಅವಳು ಯೋಚನೆ ಹರಿಸಲಿಲ್ಲ. ಒದ್ದೆಯಾದ ಟವೆಲು ಎತ್ತಿಕೊಂಡು ಒಳಗೆ ಹೋದಳು.

ಬಟ್ಟಲು ಹಿಡಿದು ಲಕ್ಷ್ಮೀನರಸಿಂಹ ಎದ್ದ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ. ಯಾಕೆ ಬಂದೆನೆಂದು ಅವನಿಗೇ ತಿಳಿಯಲಿಲ್ಲ. ಕ್ಷೌರದ ಕನ್ನಡಿಯಲ್ಲಿ ಮುಖ ಕಂಡಿತು. ತುಟಿಗಳು ಒಂದನ್ನೊಂದು ಮುಟ್ಟದಂತೆ ಎರಡು ಬೆರಳುಗಳಿಂದ ಹಿಗ್ಗಿಸಿ ಹಿಡಿದು, ಮೆಲ್ಲಗೆ, ಮಗಳ ಹೆಸರು ಹೇಳಿದ. ಇಂದು. ಅಯ್ಯೋ ದೇವರೇ. ದಿನವೆಲ್ಲ, ವಾರವೆಲ್ಲ, ಮಗಳು ಹಾಸನದಲ್ಲಿ ಕೂತಿದ್ದಾಗ ಈ ಮನೆಯಲ್ಲಿ ಅವಳ ತಾಯಿ ಅವಳನ್ನು ಕೂಗಿ ಕೂಗಿ ಕರೆದಿದ್ದಾಳೆ, ನಾನು ಪಂಚಾಂಗ ಒಪ್ಪಿಸಿದ್ದೇನೆ. ಎಂಥ ಕಿವಿಯಪ್ಪ ನನ್ನದು! ಹ ನುಂಗಿದರೆ ಹಿಡಿಯುತ್ತೇನೆ, ಬ ನುಂಗಿದ್ದು ಗೊತ್ತಾಗಲಿಲ್ಲ. ನಗು ಬರುವಂತಾಯಿತು. ನಗು ಅರ್ಧಕ್ಕೇ ನಿಂತಿತು, ಯಾಕೆಂದರೆ ಬೆರಳುಗಳು ಇನ್ನೂ ತುಟಿಯಲ್ಲೇ ಇದ್ದವು ಮತ್ತು ಅವನ ನಾಲಿಗೆ ತಾನಾಗಿಯೇ ಇನ್ನೊಂದು ಮಾತಿಗೆ ಹೊರಟಿತ್ತು. ಬೇಡ ಎನ್ನುವಷ್ಟರಲ್ಲಿ ಹೇಳಿಯಾಗಿತ್ತು. ಹೇಳಹೊರಟದ್ದು "ಬಿಡಿ", ಬಚ್ಚಲ ಗೋಡೆಗೆ ತಾಗಿ ಕಿವಿಗೆ ವಾಪಸು ಬಂದದ್ದು "ಇಡಿ". ಇನ್ನೊಮ್ಮೆ ಹೇಳಿದ. ಮತ್ತೊಮ್ಮೆ. ನೀರಿನ ಡ್ರಮ್ಮನ್ನು ಹಿಡಿದುಕೊಂಡ. ಬಿಡಿ. ಹೋಗ್ಲಿ ಬಿಡಿ. ಸಾಕು ಬಿಡಿ. ನನಗ್ಯಾಕೆ ಬಿಡಿ. ಜೀವಮಾನವೆಲ್ಲ ಅವಳು ಅವನಿಗೆ ಹೇಳಿದ್ದೇ ಆ ಒಂದು ಮಾತು. ಕನ್ನಡದ ಮಿಕ್ಕೆಲ್ಲ ಮಾತೂ ಸತ್ತರೂ ಅದೊಂದು ಉಳಿಯದೆ ಇನ್ಯಾವುದು ಉಳಿದೀತು? ಕವಡೆ ತೋರಿಸಿದಾಗ ಬಿಡಿ ಎಂದಿದ್ದಾಳೆ, ಇಟ್ಟಿದ್ದೇನೆ. ಬಿಲ್ಲೆ ತೋರಿಸಿದಾಗ ಬಿಡಿ ಎಂದಿದ್ದಾಳೆ, ಇಟ್ಟಿದ್ದೇನೆ. ಅವಳು ಆಸೆಯಿಂದ ಖಾಲಿ ಇಟ್ಟುಕೊಂಡಿದ್ದ ನೀರಿನ ಮೇಲೆ ಜಾಗವಿಲ್ಲದಂತೆ ಹಿತ್ತಾಳೆ ಸುರಿದಿದ್ದೇನೆ, ಅದೂ ಅವಳ ಕಣ್ಣೆದುರಿಗೇ ಹಿಡಿದು, ಇಲ್ಲಿಡ್ಲಾ, ಇಲ್ಲಿಡ್ಲಾ ಎಂದು ಕೇಳಿ ಕೇಳಿ. ವ್ಯಾಯಾಮಕ್ಕೆಂದು ಮರಗಟ್ಟಿದ ಕೈಯನ್ನು ಮಡಚಿ ಬಿಡಿಸುವಾಗ ಬಿಡಿ ಎಂದಳು, ಇನ್ನೂ ಒತ್ತಿ ಇಟ್ಟೆ. ಬಟ್ಟಲಲ್ಲಿ ಉಳಿದ ಗಂಜಿಗೆ ಕೆನೆ ಕಟ್ಟಿತ್ತು. ಅವನು ಅದನ್ನು ಬಚ್ಚಲ ಗುಂಡಿಗೆ ಸುರಿದು ಮೇಲೆ ನೀರು ಹಾಕಿದ.

ಅಥವಾ ಹಾಗಲ್ಲವೋ ಏನೋ. ಒಂದೊಂದು ಸಲ ಇಡಿ ಎಂದೇ ಅಂದಿರಬಹುದಲ್ಲ? ಆ ಮೊದಲ ಕವಡೆಗೆ? ಹೊರಗೆ ಬಂದು ಹಜಾರದಲ್ಲಿ ನಿಂತು ಅವನು ಮಂಚದ ಕಡೆ ನೋಡಿದ. ಬಟ್ಟೆ ಅವಳ ಮಡಿಲ ಮೇಲೆ ಬಿದ್ದಿತ್ತು, ಅವನೇ ಗಡಿಬಿಡಿಯಲ್ಲಿ ಎಸೆದು ಎದ್ದದ್ದು. ಅವಳ ಎಡಗೈ ಅದರ ಮೇಲಿತ್ತು. ಆ ಕೈಯ ಎರಡು ಬೆರಳುಗಳು ಒಂದು ಗೆಜ್ಜೆಯನ್ನು ಹಿಡಿದು ಎಳೆಯುತ್ತಿದ್ದವು, ನಿಧಾನವಾಗಿ, ಶಕ್ತಿಯಿಲ್ಲದೆ, ಬಿಟ್ಟು ಬಿಟ್ಟು. ಮೊದಲೂ ಅವಳು ಹೀಗೆ ಎಳೆಯುವುದನ್ನು ನೋಡಿದ್ದ. ಆಡಿಕೊಳ್ಳುತ್ತಿದ್ದಾಳೆ, ಸದ್ದು ಕೇಳುವ ಆಸೆ ಎಂದುಕೊಂಡು ಖುಷಿಪಟ್ಟಿದ್ದ. ಈಗ ನೋಡಿದರೆ ಕೀಳುತ್ತಿದ್ದಾಳೆ. ಅನುಮಾನಕ್ಕೆ ಜಾಗವೇ ಇಲ್ಲ.

"ಅಪ್ಪ, ಬಾ ಇಲ್ಲಿ. ಇಬ್ಬರೂ ಇರುವಾಗಲೇ ಕೇಳಿಬಿಡ್ತೀನಿ," ಎಂದು ಬಿಂದು ಮಂಚದ ಅಂಚಿಗೆ ಕೂತಳು. ಅಮ್ಮನ ಕೈಯನ್ನು ಬಟ್ಟೆಯ ಮೇಲಿಂದೆತ್ತಿ ತನ್ನ ಎರಡೂ ಕೈಯೊಳಗೆ ತೆಗೆದುಕೊಂಡಳು. "ಅಮ್ಮಾ, ನೋಡು ಇಲ್ಲಿ. ಊಟ ಮಾಡಕ್ಕೆ ಕಷ್ಟ ಆಗ್ತಿದೆ ಅಲ್ವಾ? ಡಾಕ್ಟ್ರು ಹೊಟ್ಟೆಗೆ ಒಂದು ಟ್ಯೂಬ್ ಇಡ್ತೀನಿ ಅಂತಾರೆ. ಇಡಿಸೋಣ್ವಾ? ನಿಂಗೆ ಬೇಡ ಅಂದ್ರೆ ಬೇಡ. ನೀನೇ ಹೇಳಮ್ಮ, ನೀನು ಹೇಳಿದ ಹಾಗೇ ಮಾಡ್ತೀನಿ." ಅಂಬುಜಮ್ಮ ಮಗಳ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮಗಳನ್ನು ಬಿಟ್ಟು ಗಂಡನನ್ನು ನೋಡಿದಳು. ಎಡಗಡೆಯ ತುಟಿ ಮೇಲೆದ್ದು, ಬಲಗಡೆಯದನ್ನು ಹುಡುಕುವಂತೆ ಅದುರಿ, ಸೋತು ಕೆಳಗಿಳಿಯಿತು. "ಇಡಿ," ಎಂದಳು.

"ಕೇಳಿಸ್ತಾ?" ಬಿಂದು ಅಪ್ಪನ ಕಡೆ ತಿರುಗಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಮುಖ ಮಾತ್ರ ಅರಳಿತ್ತು, ಬಹಳ ದಿನದಿಂದ ಕಂಡಿರದ ಮುಖ. "ಇಡಿ ಅಂದ್ಲು ಅಲ್ವಾ ಅಪ್ಪ? ನಿಂಗೆ ಗೊತ್ತಾಗುತ್ತೆ ಅವಳ ಮಾತು, ನಂಗಿಂತ ನಿಂಗೆ ಚೆನ್ನಾಗಿ ಗೊತ್ತಾಗುತ್ತೆ. ಸರಿಯಾಗಿ ಹೇಳು. ನಾನೇ ಆಸೆಗೆ ಹಾಗೆ ಕೇಳಿಸ್ಕೊಂಡ್ನಾ?"

ಇಬ್ಬರು ಹೆಂಗಸರೂ ಅವನನ್ನೇ ನೋಡುತ್ತಿದ್ದರು. ಈಗ ಮಾಡಬೇಕಾದದ್ದು ಎಷ್ಟು ಚಿಕ್ಕ ಕೆಲಸ! ಹತ್ತಿರ ಹೋಗಿ, ಹೆಬ್ಬೆರಳು ತೋರುಬೆರಳಿನಲ್ಲಿ ಅವಳ ತುಟಿಗಳನ್ನು ಒಮ್ಮೆ ಕೂಡಿಸಿ, ಈಗ ಹೇಳು ಎಂದರೆ ಮುಗಿಯಿತು. ಮಾತು ತಾನೇ ಪೂರ್ತಿಯಾಗುತ್ತದೆ. ಅವನು ಹತ್ತಿರ ಹೋದ. ಕೈ ಚಾಚಿದ. ಬೆರಳು ತುಟಿಗೆ ತಾಗಿತು, ಬೆಚ್ಚಗಿತ್ತು, ಒದ್ದೆಯಿತ್ತು. ಅವಳು ತುಟಿಯನ್ನು ಅವನ ಬೆರಳಿಗೆ ಒತ್ತಿದಳು, ಕೊಟ್ಟೆ ತೆಗೆದುಕೊಳ್ಳಿ ಎನ್ನುವಂತೆ, ಕಣ್ಣುಗಳು ಹಿಗ್ಗಿದವು. ಅವಳಿಗೆ ಗೊತ್ತಾಗಿತ್ತು, ಇವನಿಗೆ ಗೊತ್ತಾಗಿದೆಯೆಂದು. ಬೆಳಗಿನ ಕಾಫಿಗೆ ಒಂದು ಲೋಟ ಇಟ್ಟುಕೊಂಡು ಕೂರುವುದು ಅವನ ಕಣ್ಣ ಮುಂದೆ ಬಂತು. ಪಂಚಾಂಗ ಓದಿದರೆ ಕೇಳುವವರಿಲ್ಲ. ಬಚ್ಚಲಿಂದ ಬಂದು ಟವೆಲ್ಲು ಎಲ್ಲೇ ಎಂದರೆ ಓಗೊಡುವವರಿಲ್ಲ. ಮಾತಿಲ್ಲದಿದ್ದರೆ ಏನಾಯಿತು, ಉಸಿರಾಡುತ್ತಿದ್ದಾಳಲ್ಲ, ಬೆಚ್ಚಗಿದ್ದಾಳಲ್ಲ, ಕೋಣೆಗೆ ಹೋದರೆ ಇರುತ್ತಾಳಲ್ಲ. ಇಷ್ಟೂ ವರ್ಷ ತನಗೆ ಬೇಕಾದ ಹಾಗೆಯೇ ನಡೆದದ್ದು ಈ ಮನೆ, ಇವತ್ತೊಂದು ದಿನ ಬೇರೆ ಥರ ನಡೆಯಬೇಕೆಂದರೆ ಎಲ್ಲಿಂದ ತರಲಿ ಆ ಧೈರ್ಯ?

ಬೆರಳು ತೆಗೆದು, ಹೆಗಲ ಮೇಲಿನ ವಸ್ತ್ರದಿಂದ ಅವಳ ಬಾಯಿ ಒರೆಸಿದ. "ಇಡಿ ಅಂದ್ಲು ಕಣಮ್ಮ," ಎಂದ. ಸ್ಪಷ್ಟವಾಗಿಯೇ ಹೇಳಿದ, ಒಂದಕ್ಷರವೂ ತೊದಲದೆ.

ಬಿಂದು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಒಮ್ಮೆ ಬಿಕ್ಕಿ, ಮೂಗೊರೆಸಿಕೊಂಡು, ಫೋನು ಹುಡುಕುತ್ತ ಹಜಾರಕ್ಕೆ ಹೋದಳು. ಲಕ್ಷ್ಮೀನರಸಿಂಹ ಅವಳು ಕೂತಿದ್ದ ಜಾಗದಲ್ಲಿ ಕೂತ. ಅಂಬುಜಮ್ಮ ಅವನನ್ನು ನೋಡುವುದನ್ನು ನಿಲ್ಲಿಸಿರಲಿಲ್ಲ. ಬೈಗುಳವಿದ್ದಿದ್ದರೆ ಸಹಿಸಬಹುದಿತ್ತು ಆ ನೋಟದಲ್ಲಿ. ಇದ್ದದ್ದು ಬರೀ ಆಯಾಸ. ಅವನು ಬಗ್ಗಿ ಅವಳ ಕಿವಿಯ ಹತ್ತಿರ ಬಾಯಿಟ್ಟು, "ನಂಗೆ ಕೇಳಿಸ್ತು ಕಣೇ," ಎಂದ. "ನೀನು ಏನಂದೆ ಅಂತ ಸರಿಯಾಗೇ ಕೇಳಿಸ್ತು. ನನ್ನ ಕೈಲಿ ಆಗಲ್ಲ ಅಂಬುಜಾ, ಆಗಲ್ಲ ನಂಗೆ." ಅವಳ ಎಡಗಣ್ಣಿನಿಂದ ನೀರಿಳಿದು ಕಿವಿಗೆ ಹರಿಯಿತು, ಅವನ ಕೆನ್ನೆಗೂ ತಾಗಿತು. ಆಮೇಲೆ ಅವಳು ಮುಖವನ್ನು ಕಿಟಕಿಯ ಕಡೆಗೆ, ಎಷ್ಟು ತಿರುಗುತ್ತದೋ ಅಷ್ಟು ತಿರುಗಿಸಿಕೊಂಡಳು. ಹಜಾರದಲ್ಲಿ ಬಿಂದು ಫೋನಿನಲ್ಲಿ ಹೇಳುತ್ತಿದ್ದಳು, "ಹೌದು ಡಾಕ್ಟ್ರೇ, ಕೇಳಿದ್ವಿ. ಅಮ್ಮನೇ ಹೇಳಿದ್ರು."